ಕೇಳಿಸಿಕೊಳ್ಳದಿರುವ ವಿದ್ಯೆ

ಜರಗನಹಳ್ಳಿಯಲ್ಲಿ ಮನೆ ಮಾಡಿದವನಿಗೆ ಮೊದಲು ಒಲಿಯುವ ವಿದ್ಯೆ ಕೇಳಿಸಿಕೊಳ್ಳದೆ ಇರುವುದು. ಹಳ್ಳಿ ಎನ್ನುವುದು ಈಗ ಹೆಸರಿನಲ್ಲಿ ಮಾತ್ರ. ಬನಶಂಕರಿಯಿಂದ ಹೊರಟು ಸಾರಕ್ಕಿ ಸಿಗ್ನಲ್ಲು ದಾಟಿದರೆ ಸಿಗುವ ಈ ಊರಿನ ಎದುರಿಗೇ ಕನಕಪುರ ರಸ್ತೆ, ಅದರ ನೆತ್ತಿಯ ಮೇಲೆ ಮೆಟ್ರೊ. ಬೆಳಿಗ್ಗೆ ಹಾಡು ಹಾಕಿಕೊಂಡು ಕಸದ ಆಟೊ ಬರುತ್ತದೆ. ಅದರ ಬೆನ್ನಿಗೆ ಸೊಪ್ಪಿನವಳು, ಆಮೇಲೆ ಹಳೇ ಪೇಪರ್ ಖಾಲಿ ಶೀಶೆಯವನು. ಅವನ ಗಂಟಲೂ ಈಗ ರೆಕಾರ್ಡಿಂಗೇ. ಹಿಂದಿನ ರಸ್ತೆಯಲ್ಲಿ ಏಳುತ್ತಿರುವ ಮನೆಗೆ ಗ್ರಾನೈಟು ಕೊಯ್ಯುವ ಮಿಷನ್ನು, ಗುಡಿಯ ಸುಪ್ರಭಾತ, ಮಸೀದಿಯ ಆಜಾನು, ಇವೆಲ್ಲದರ ಮೇಲೆ ಬೀದಿನಾಯಿಗಳ ಗಡಿ ವಿವಾದ. ಈ ಊರಿನ ಹೆಸರನ್ನು ಕನ್ನಡ ಸಾಹಿತ್ಯಕ್ಕೆ ತಂದ ಜರಗನಹಳ್ಳಿ ಶಿವಶಂಕರ್ ಹನಿಗವನಗಳ ಕವಿ ಆದದ್ದು ನನಗಂತೂ ಆಶ್ಚರ್ಯವಲ್ಲ. ಮುಂದಿನ ಬಸ್ಸು ಹಾರನ್ನು ಹೊಡೆಯುವಷ್ಟರಲ್ಲಿ ಹೇಳಬೇಕಾದ್ದನ್ನು ಹೇಳಿ ಮುಗಿಸಿಬಿಡುವ ಪ್ರಕಾರ ಅದು.

ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಮ್ಮ ಒಮ್ಮೆ ಬಂದು ಉಳಿದಾಗ ಬೆಳಿಗ್ಗೆ ಕೆಂಪು ಕಣ್ಣಿನಲ್ಲಿ ಕಾಫಿಗೆ ಕೂತರು.

“ಎಂಥ ಸದ್ದು ಮಾರಾಯ ಇದು! ನಿಮಗೆಲ್ಲ ನಿದ್ದೆ ಹ್ಯಾಂಗೆ ಬರ್ತದೆ?”

“ಅಲ್ಲ ಚಿಕ್ಕಮ್ಮ, ನಿಮ್ಮನೇಲಿ ಜೀರುಂಡೆ ಕೂಗಲ್ವಾ? ಅಲ್ಲಿಗೆ ಬಂದ್ರೆ ನಂಗೆ ಮೂರು ದಿನ ಕಿವೀಲಿ ಗಾಣ ತಿರುಗಿದ ಹಾಗಿರುತ್ತೆ.”

“ಜೀರುಂಡೆಯಾ? ಅದೆಲ್ಲಿ ಕೂಗ್ತದೆ!”

ಸುಳ್ಳು ಹೇಳುವ ಹೆಂಗಸಲ್ಲ ಅವರು. ಅವರ ಮಟ್ಟಿಗೆ ಜೀರುಂಡೆ ಕೂಗುವುದೇ ಇಲ್ಲ, ನಮ್ಮ ಮಟ್ಟಿಗೆ ಕನಕಪುರ ರಸ್ತೆ ಹರಿಯುವುದೇ ಇಲ್ಲ.

ಶಾಲೆಯಲ್ಲಿ ಮೇಷ್ಟ್ರು “ಗಮನ ಕೊಟ್ಟು ಕೇಳ್ರೋ” ಎಂದು ಬೆಂಚಿಗೆ ಬೆತ್ತ ಕುಟ್ಟುತ್ತಿದ್ದಾಗ, ಗಮನವೆಂದರೆ ಇನ್ನಷ್ಟು ಒಳಗೆ ತೆಗೆದುಕೊಳ್ಳುವುದು ಎಂದೇ ನಾವು ತಿಳಿದಿದ್ದೆವು. ಅದು ತಲೆಕೆಳಗಾದ ತಿಳಿವಳಿಕೆ ಎಂದು ಈಗ ನನಗೆ ಅನ್ನಿಸುತ್ತದೆ. ಗಮನದ ದೊಡ್ಡ ದುಡಿಮೆ ನಡೆಯುವುದು ಹೊರಗೆ ಹಾಕುವುದರಲ್ಲಿ. ಒಂದು ಮಾತು ಕಿವಿಗೆ ಬೀಳಬೇಕಾದರೆ ನೂರು ಮಾತು ಬೀಳದೆ ಹೋಗಬೇಕು, ಹಾಗೆ ಬೀಳದಂತೆ ನೋಡಿಕೊಳ್ಳುವ ಕೆಲಸಕ್ಕೆ ಸಂಬಳವೂ ಇಲ್ಲ, ಹೊಗಳಿಕೆಯೂ ಇಲ್ಲ.

ಇದನ್ನು ಪ್ರಯೋಗಕ್ಕೆ ಹಚ್ಚಿ ನೋಡಿದವರಲ್ಲಿ ಮೊದಲಿಗ ಕಾಲಿನ್ ಚೆರ್ರಿ ಎಂಬ ಇಂಗ್ಲಿಷ್ ವಿಜ್ಞಾನಿ. 1953ರಲ್ಲಿ ಆತ ಜನರ ಕಿವಿಗೆ ಹೆಡ್‌ಫೋನು ಹಾಕಿ ಬಲಗಿವಿಯಲ್ಲಿ ಒಂದು ಮಾತು, ಎಡಗಿವಿಯಲ್ಲಿ ಇನ್ನೊಂದು ಮಾತು ಬಿಟ್ಟ. ಒಂದು ಕಿವಿಯದನ್ನು ಕೇಳಿದ ಹಾಗೇ ಗಟ್ಟಿಯಾಗಿ ಹೇಳುತ್ತ ಹೋಗಬೇಕು, ಅಷ್ಟೇ ಕೆಲಸ. ಜನ ಸಲೀಸಾಗಿ ಮಾಡಿದರು. ಆಮೇಲೆ “ಇನ್ನೊಂದು ಕಿವಿಯಲ್ಲಿ ಏನಿತ್ತು?” ಎಂದರೆ ತಬ್ಬಿಬ್ಬು. ಅಲ್ಲಿ ಇಂಗ್ಲಿಷು ನಿಂತು ಜರ್ಮನ್ ಶುರುವಾಗಿದ್ದೂ ಅವರಿಗೆ ತಿಳಿದಿರಲಿಲ್ಲ. ಗಂಡು ದನಿ ಹೋಗಿ ಹೆಣ್ಣು ದನಿ ಬಂದದ್ದು ಗೊತ್ತಾಗಿತ್ತು, ಪೀಂ ಎಂಬ ಸದ್ದು ಬಂದದ್ದು ಗೊತ್ತಾಗಿತ್ತು. ಮಾತಿನ ಅರ್ಥ ಮಾತ್ರ ಬಾಗಿಲಾಚೆಯೇ ಉಳಿದಿತ್ತು. ನಮ್ಮ ಮೇಲಿನ ಮನೆಯ ಟೀವಿಯನ್ನು ನೆನೆದರೆ ನನಗೆ ಇದರಲ್ಲಿ ಯಾವ ಅನುಮಾನವೂ ಬರುವುದಿಲ್ಲ. ಅಲ್ಲಿ ಅತ್ತೆ ಸೊಸೆಯನ್ನು ಬೈಯುತ್ತಿದ್ದಾಳೋ, ಆಂಧ್ರದ ಮಂತ್ರಿ ವಿರೋಧಿಗಳನ್ನು ಬೈಯುತ್ತಿದ್ದಾನೋ ಹೇಳಲಾರೆ, ಯಾರೋ ಬೈಯುತ್ತಿದ್ದಾರೆ ಎಂಬುದಷ್ಟು ಖಚಿತ.

ಚೆರ್ರಿಯ ಬೆನ್ನಿಗೆ ಬಂದ ಡೊನಾಲ್ಡ್ ಬ್ರಾಡ್‌ಬೆಂಟ್ 1958ರಲ್ಲಿ ಒಂದು ಸಿದ್ಧಾಂತವನ್ನೇ ಕಟ್ಟಿದ: ಒಳಗೊಂದು ಜರಡಿ ಇದೆ, ದನಿಯ ಗುಣ, ಬರುವ ದಿಕ್ಕು ಇಂಥ ಹೊರಗಿನ ಗುರುತು ನೋಡಿ ಅದು ಒಂದನ್ನು ಬಿಡುತ್ತದೆ, ಮಿಕ್ಕದ್ದನ್ನು ಅರ್ಥವಾಗುವ ಮೊದಲೇ ತಡೆಯುತ್ತದೆ. ಅಚ್ಚುಕಟ್ಟಾದ ಮಾತು. ಮರುವರ್ಷವೇ ನೆವಿಲ್ ಮೊರೆ ಎಂಬಾತ ಅದಕ್ಕೆ ಸಣ್ಣ ತೂತು ಕೊರೆದ. ಬೇಡವಾದ ಕಿವಿಯಲ್ಲಿ ಕೇಳುಗನ ಹೆಸರನ್ನೇ ಹೇಳಿಸಿದ. ಸುಮಾರು ಮೂವರಲ್ಲಿ ಒಬ್ಬರಿಗೆ ಅದು ಕೇಳಿಸಿತು. ಅರ್ಥವೇ ಒಳಗೆ ಬರದಿದ್ದರೆ ನನ್ನ ಹೆಸರು ನನ್ನದೆಂದು ತಿಳಿದದ್ದು ಹೇಗೆ? ಆನ್ ಟ್ರೀಸ್‌ಮನ್ ಎಂಬಾಕೆ ಈ ಜಗಳ ಬಿಡಿಸಿದಳು. ಅವಳ ಪ್ರಯೋಗದಲ್ಲಿ ವಾಕ್ಯದ ಅರ್ಧ ಬಲಗಿವಿಯಲ್ಲಿ ಬಂದು ಉಳಿದರ್ಧ ಎಡಗಿವಿಗೆ ದಾಟುತ್ತಿತ್ತು. ಕೆಲವರು ತಮಗೇ ಅರಿವಿಲ್ಲದೆ ಒಂದೆರಡು ಪದ ವಾಕ್ಯದ ಹಿಂದೆ ಹೋಗಿ ಮತ್ತೆ ಹೇಳಿದ ಕಿವಿಗೆ ಮರಳಿದರು. ಆದ್ದರಿಂದ ಜರಡಿ ಪೂರಾ ತಡೆಯುವುದಿಲ್ಲ, ದನಿ ಇಳಿಸುತ್ತದೆ ಅಷ್ಟೇ ಎಂದಳು. ನಮಗೆ ತೀರ ಬೇಕಾದ ಪದಗಳು ಎಷ್ಟು ಕ್ಷೀಣವಾಗಿ ಬಂದರೂ ಎದ್ದು ನಿಲ್ಲುತ್ತವೆ.

ಕನಕಪುರ ರಸ್ತೆಯ ಬಸ್‌ಸ್ಟಾಪಿನಲ್ಲಿ ಹತ್ತು ನಿಮಿಷ ನಿಂತರೆ ಟ್ರೀಸ್‌ಮನ್ ಅರ್ಥವಾಗುತ್ತಾಳೆ. ಯಾರಾದರೂ “ಮಂಜೂ” ಎಂದರೆ ನಾಲ್ಕು ತಲೆ ತಿರುಗುತ್ತವೆ. “ಸಾರ್” ಎಂದರೆ ಗಂಡಸರೆಲ್ಲ ತಿರುಗುತ್ತಾರೆ. “ಆಂಟಿ” ಎಂದರೆ ಒಂದು ತಲೆಯೂ ಅಲುಗುವುದಿಲ್ಲ. ಕೇಳಿಸಿದೆ, ಎಲ್ಲರಿಗೂ ಕೇಳಿಸಿದೆ. ಆ ಪದವನ್ನು ಒಳಗೆ ಬಿಟ್ಟುಕೊಳ್ಳಬಾರದೆಂದು ಅವರ ಜರಡಿಗೆ ಕಟ್ಟಪ್ಪಣೆಯಾಗಿದೆ. ಈ ಬಗ್ಗೆ ಪ್ರಯೋಗ ನಡೆದಿದೆಯೋ ತಿಳಿಯೆ, ನಡೆಸುವ ಧೈರ್ಯ ನನಗಿಲ್ಲ.

ಹೀಗೆ ಇಳಿಸಿದ ದನಿಗಳಲ್ಲಿ ಒಂದರ ಬಗ್ಗೆ ಮಾತ್ರ ನನಗೆ ಇವತ್ತಿಗೂ ಒಂದು ಬಗೆಯ ಸಂಕಟವಿದೆ. 2017ರ ಜೂನ್‌ನಲ್ಲಿ ಮೆಟ್ರೊ ಯಲಚೇನಹಳ್ಳಿಯ ತನಕ ಬಂದ ಮೇಲೆ ನಮ್ಮ ಕಡೆಯವರೆಲ್ಲ ದಿನಾ ಒಬ್ಬರ ಮಾತು ಕೇಳುತ್ತ ಓಡಾಡಿದೆವು. ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ಸ್ಪಷ್ಟವಾದ ಕನ್ನಡದಲ್ಲಿ ಹೇಳುತ್ತಿದ್ದ ಆ ದನಿ ನಿರೂಪಕಿ ಅಪರ್ಣಾ ಅವರದು. ಪುಟ್ಟಣ್ಣ ಕಣಗಾಲರ ಕೊನೆಯ ಚಿತ್ರ ‘ಮಸಣದ ಹೂವು’ವಿನಲ್ಲಿ ನಟಿಸಿದ ಹುಡುಗಿ ಮುಂದೆ ಕನ್ನಡ ವೇದಿಕೆಗಳ ದನಿಯೇ ಆದರು. ಮೊದಲ ವಾರ ಚೆನ್ನಾಗಿ ಕೇಳಿದೆವು, ಹೆಸರುಗಳ ಉಚ್ಚಾರಣೆ ಮೆಚ್ಚಿದೆವು. ಆಮೇಲೆ ಕೇಳಿಸುವುದೇ ನಿಂತುಹೋಯಿತು. 2024ರ ಜುಲೈ 11ರಂದು ಅವರು ತೀರಿಕೊಂಡರು. ಮರುದಿನ ಮೆಟ್ರೊ ಹತ್ತಿದವರಿಗೆ ಅದೇ ದನಿ, ಅದೇ ಮಾತು, ಒಂದೊಂದು ಅಕ್ಷರವೂ ಕೇಳಿಸಿತು. ಯಲಚೇನಹಳ್ಳಿ ಎಂಬ ಹೆಸರಿಗೆ ಕಣ್ಣು ಒರೆಸಿಕೊಳ್ಳುವವರನ್ನು ನೋಡುತ್ತೇನೆಂದು ನಾನು ಎಣಿಸಿರಲಿಲ್ಲ.

ರಷ್ಯದ ವಿಜ್ಞಾನಿ ಎವ್ಗೆನಿ ಸೊಕೊಲೊವ್ ಕಂಡುಕೊಂಡ ವಿಷಯ ಇದಕ್ಕೆ ಹತ್ತಿರದ್ದು. ಮತ್ತೆ ಮತ್ತೆ ಬರುವ ಸದ್ದಿನ ಒಂದು ಪಡಿಯಚ್ಚನ್ನು ಮೆದುಳು ತನ್ನೊಳಗೆ ಮಾಡಿಟ್ಟುಕೊಳ್ಳುತ್ತದೆ. ಹೊರಗಿನದು ಅಚ್ಚಿಗೆ ಸರಿಹೊಂದುವ ತನಕ ಎದ್ದು ನೋಡುವ ಗೋಜಿಲ್ಲ. ಹೊಂದದೆ ಹೋದ ಗಳಿಗೆಯಲ್ಲಿ ಕಿವಿ ನಿಮಿರುತ್ತದೆ. ವಿಚಿತ್ರವೆಂದರೆ, ಸದ್ದು ಬಂದರೆ ಮಾತ್ರವಲ್ಲ, ಬರಬೇಕಾದ್ದು ಬರದಿದ್ದರೂ ನಿಮಿರುತ್ತದೆ. ನಡುರಾತ್ರಿ ಕರೆಂಟು ಹೋಗಿ ಫ್ಯಾನು ನಿಂತಾಗ ಸೆಕೆ ತಟ್ಟುವ ಮೊದಲೇ ಎಚ್ಚರವಾಗುವುದು ಹೀಗೆ. 2020ರ ಮಾರ್ಚ್ 22ರಂದು ನಿಂತ ಮೆಟ್ರೊ ಸೆಪ್ಟೆಂಬರ್ ತನಕ ಓಡಲಿಲ್ಲ. ಲಾಕ್‌ಡೌನಿನ ಆ ಮೊದಲ ರಾತ್ರಿಗಳಲ್ಲಿ ನಮ್ಮ ರಸ್ತೆಯ ಎಷ್ಟೋ ಮನೆಗಳಲ್ಲಿ ದೀಪ ಉರಿಯುತ್ತಿತ್ತು. ಸದ್ದಿಲ್ಲದ ಕನಕಪುರ ರಸ್ತೆಯನ್ನು ಕೇಳಿಸಿಕೊಳ್ಳದಿರುವುದು ನಮಗೆ ಅಭ್ಯಾಸವಿರಲಿಲ್ಲ.

  

ಕಣ್ಣಿನ ಕಥೆಯೂ ಇದೇ. ಸಾರಕ್ಕಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ನಡೆಯುವವರಲ್ಲಿ ಒಂದು ಕಾಯಂ ದೂರು: “ಎದುರಿಗೇ ಬಂದ್ರೂ ನೋಡಿ ನೋಡದ ಹಾಗೆ ಹೋದ.” ಸಾಲ ತಿರುಗಿಸಬೇಕಾದವನಾದರೆ ದೂರಿನಲ್ಲಿ ಹುರುಳಿರಬಹುದು. ಉಳಿದವರ ಪರವಾಗಿ ನಾನು ವಕಾಲತ್ತು ವಹಿಸುತ್ತೇನೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎದೆಯ ಸ್ಕ್ಯಾನು ಓದುವ ಪರಿಣತ ವೈದ್ಯರು 24 ಮಂದಿ. ಶ್ವಾಸಕೋಶದಲ್ಲಿ ಗಂಟು ಹುಡುಕುವುದು ಅವರ ಕೆಲಸ. ಚಿತ್ರದೊಳಗೆ ಸಂಶೋಧಕರು ಗಂಟಿನ 48 ಪಟ್ಟು ದೊಡ್ಡ ಗೊರಿಲ್ಲಾ ಒಂದನ್ನು ಸೇರಿಸಿದ್ದರು. 20 ಮಂದಿ ಅದನ್ನು ಕಾಣಲಿಲ್ಲ. ಕಣ್ಣಿನ ಚಲನೆ ದಾಖಲಿಸಿದ ಯಂತ್ರವನ್ನು ಕೇಳಿದರೆ, ಹಾಗೆ ಕಾಣದವರಲ್ಲಿ ಹೆಚ್ಚಿನವರು ನೇರ ಗೊರಿಲ್ಲಾದ ಮೇಲೇ ದೃಷ್ಟಿ ಹಾಯಿಸಿದ್ದರು. ಹುಡುಕುತ್ತಿದ್ದುದು ಗಂಟನ್ನು, ಸಿಕ್ಕಿದ್ದು ಗಂಟು. ಕೆರೆಯ ಏರಿಯ ಮೇಲೆ ಹೆಜ್ಜೆ ಎಣಿಸಿಕೊಂಡು ಹೋಗುವ ನಿವೃತ್ತರ ಕಣ್ಣಿಗೆ ನೀವು ಬೀಳಲಿಲ್ಲವೆಂದರೆ ಕೋಪಿಸಿಕೊಳ್ಳಬೇಡಿ, ಗೊರಿಲ್ಲಾ ಕೂಡ ಬಿದ್ದಿರಲಿಲ್ಲ.

ಹೊರಗೆ ಹಾಕುವುದು ಹೀಗಾದರೆ, ಒಳಗೆ ಬಿಟ್ಟುಕೊಂಡದ್ದನ್ನು ಹಿಡಿದಿಟ್ಟುಕೊಳ್ಳುವ ಪರಿ ಬೇರೆ. ಹಳೆಯ ಹೋಟೆಲುಗಳ ಸಪ್ಲೈಯರ್‌ಗಳನ್ನು ಕಂಡವರು ಈಗ ಕಡಿಮೆಯಾಗುತ್ತಿದ್ದಾರೆ. ಕೈಯಲ್ಲಿ ಚೀಟಿಯಿಲ್ಲ. ಆರು ಮೇಜಿನಲ್ಲಿ ಯಾರಿಗೆ ಮಸಾಲೆ, ಯಾರಿಗೆ ಸಕ್ಕರೆ ಕಡಿಮೆ ಕಾಫಿ, ಯಾರು ಚಟ್ನಿ ಎರಡನೇ ಸಲ ಕೇಳಿದರು ಎಲ್ಲವೂ ತಲೆಯಲ್ಲಿ. ಕೊನೆಗೆ ಒಂದೇ ಉಸಿರಿನಲ್ಲಿ ಲೆಕ್ಕ ಒಪ್ಪಿಸುತ್ತಿದ್ದರು. ಬರ್ಲಿನ್ನಿನಲ್ಲಿ ಇಂಥವರನ್ನೇ ಕಂಡು ಕುರ್ಟ್ ಲೆವಿನ್ ಎಂಬ ಪ್ರೊಫೆಸರ್ ಬೆರಗಾದನೆಂದು ಕಥೆ: ದುಡ್ಡು ಕೊಡುವ ತನಕ ಆರ್ಡರು ಮಾಣಿಯ ನಾಲಿಗೆಯ ತುದಿಯಲ್ಲಿರುತ್ತದೆ, ಕೊಟ್ಟ ಮೇಲೆ ಕೇಳಿದರೆ ಏನೂ ನೆನಪಿಲ್ಲ. ಅವನ ಶಿಷ್ಯೆ ಬ್ಲೂಮಾ ಝೈಗಾರ್ನಿಕ್ ಇದರ ಜಾಡು ಹಿಡಿದು, ಅರ್ಧಕ್ಕೆ ನಿಂತ ಕೆಲಸ ಮುಗಿದ ಕೆಲಸಕ್ಕಿಂತ ಚೆನ್ನಾಗಿ ನೆನಪಿರುತ್ತದೆಂದು 1927ರಲ್ಲಿ ಬರೆದಳು. ಮುಂದಿನವರು ಈ ಫಲಿತಾಂಶದ ಮೇಲೆ ಬೇಕಾದಷ್ಟು ತಕರಾರು ತೆಗೆದಿದ್ದಾರೆ. ನಾನು ಮಾತ್ರ ಸಪ್ಲೈಯರ್‌ಗಳ ಪಕ್ಷ. ಆರ್. ಪ್ರಭಾಕರ್ 1983ರಲ್ಲಿ ಜಯನಗರದಲ್ಲಿ ‘ಕೆಫೆ ದರ್ಶಿನಿ’ ತೆರೆದ ಮೇಲೆ ಬೆಂಗಳೂರಿನ ಪದ್ಧತಿಯೇ ತಿರುಗಿಬಿತ್ತು. ಮೊದಲು ದುಡ್ಡು, ಆಮೇಲೆ ಟೋಕನ್, ನಿಂತೇ ತಿಂಡಿ. ಲೆಕ್ಕ ಮೊದಲೇ ಮುಗಿದಿರುವುದರಿಂದ ಯಾರೂ ಯಾರನ್ನೂ ನೆನಪಿಡಬೇಕಾಗಿಲ್ಲ. ನಾವೇ ಟೋಕನ್ ಹಿಡಿದು “ಗುರೂ, ನಂದು ಖಾಲಿ ದೋಸೆ” ಎಂದು ನಾಲ್ಕು ಸಲ ನೆನಪಿಸುತ್ತೇವೆ.

ಹೋಟೆಲಿನಿಂದ ಹೊರಟುಹೋದ ಆ ವಿದ್ಯೆ ಅದೇ ಜಯನಗರದಲ್ಲಿ ಇನ್ನೊಂದು ಅಂಗಳದಲ್ಲಿ ಮೆರೆಯಿತು. 2012ರ ನವೆಂಬರ್ 30ರಿಂದ ಡಿಸೆಂಬರ್ 2ರ ತನಕ ಎನ್‌ಎಂಕೆಆರ್‌ವಿ ಕಾಲೇಜಿನಲ್ಲಿ ಆರ್. ಗಣೇಶ್ ಅವರು ಶತಾವಧಾನ ನಡೆಸಿದರು, ಪೂರ್ತಿ ಕನ್ನಡದಲ್ಲಿ. ಪ್ರಶ್ನೆ ಹಾಕುವ ಪೃಚ್ಛಕರು ನೂರು ಮಂದಿ, ಮೂರು ದಿನ. ಸಾವಿರಕ್ಕೂ ಹೆಚ್ಚು ಅಷ್ಟಾವಧಾನ ಮಾಡಿದವರು ಅವರು. ನೋಡದವರಿಗೆ ಅಷ್ಟಾವಧಾನವನ್ನು ವಿವರಿಸುವುದು ಕಷ್ಟ, ಆದರೂ ಹೇಳುತ್ತೇನೆ. ಒಬ್ಬರು ಪದ್ಯದ ಕೊನೆಯ ಸಾಲೊಂದನ್ನು, ಅದೂ ಅಸಂಬದ್ಧವಾದದ್ದನ್ನು ಕೊಟ್ಟು ಮೇಲಿನ ಮೂರು ಸಾಲು ಕಟ್ಟಿ ಇದಕ್ಕೆ ಅರ್ಥ ಬರಿಸಿ ಎನ್ನುತ್ತಾರೆ, ಇದು ಸಮಸ್ಯಾಪೂರಣ. ಇನ್ನೊಬ್ಬರದು ದತ್ತಪದಿ: ನಾಲ್ಕು ಪದ ಕೊಡುತ್ತಾರೆ, ಬೇರೆ ಭಾಷೆಯವೂ ಆಗಬಹುದು, ಒಂದೊಂದು ಸಾಲಿನಲ್ಲಿ ಒಂದೊಂದು ಕೂರಬೇಕು. ನಿಷೇಧಾಕ್ಷರಿಯವರು ಅವಧಾನಿ ಒಂದಕ್ಷರ ಹೇಳಿದೊಡನೆ ಮುಂದೆ ಬರಬಹುದಾದ ಅಕ್ಷರವನ್ನು ಊಹಿಸಿ “ಅದು ಬೇಡ” ಎಂದು ಅಡ್ಡಹಾಕುತ್ತಾರೆ. ಸಂಖ್ಯಾಬಂಧದವರು ಅಂಕಿಯ ಚೌಕದ ಯಾವುದೋ ಮನೆ ಹೆಸರಿಸಿ ಅಲ್ಲಿ ಯಾವ ಸಂಖ್ಯೆ ಎಂದು ನಡುನಡುವೆ ಕೇಳುತ್ತಾರೆ. ಎಲ್ಲರಿಗೂ ಒಂದು ಸುತ್ತಿಗೆ ಒಂದೇ ಸಾಲು. ನಾಲ್ಕು ಸುತ್ತು ಆದ ಮೇಲೆ ಎಲ್ಲ ಪದ್ಯವನ್ನೂ ಇಡಿಯಾಗಿ ಒಪ್ಪಿಸಬೇಕು. ಕೈಯಲ್ಲಿ ಕಾಗದವಿಲ್ಲ.

ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತ ನಾವು “ಅಬ್ಬಾ, ಎಂಟು ಕೆಲಸ ಒಟ್ಟಿಗೇ!” ಎಂದು ಬಾಯಿ ಬಿಡುತ್ತೇವೆ. ನನ್ನ ಪ್ರಕಾರ ಅಲ್ಲಿ ನಡೆಯುವುದು ಅದಲ್ಲ. ಒಂದು ಗಳಿಗೆಗೆ ಒಂದೇ ಕೆಲಸ. ಸಮಸ್ಯೆಯ ಎರಡನೇ ಸಾಲು ಹೇಳುವಾಗ ದತ್ತಪದಿ ಇಲ್ಲವೇ ಇಲ್ಲ. ವಿಸ್ಮಯವಿರುವುದು ಇಟ್ಟದ್ದನ್ನು ಇಟ್ಟ ಜಾಗದಿಂದಲೇ ಎತ್ತಿಕೊಳ್ಳುವುದರಲ್ಲಿ. ಅದಕ್ಕೆ ಅವಧಾನಿಗೆ ಛಂದಸ್ಸು ಬೆಂಬಲ: ಕಂದವೋ ವೃತ್ತವೋ ಆದ ಮೇಲೆ ಎಷ್ಟು ಮಾತ್ರೆ, ಎಲ್ಲಿ ಪ್ರಾಸ ಎಂಬುದೆಲ್ಲ ಮೊದಲೇ ಗೊತ್ತು, ನೆನಪಿಡಬೇಕಾದ್ದು ಅರ್ಧಕ್ಕರ್ಧ ಇಳಿಯಿತು. ಅಮೆರಿಕದಲ್ಲಿ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1980ರಲ್ಲಿ ಒಬ್ಬ ವಿದ್ಯಾರ್ಥಿಯ ಕಥೆ ಪ್ರಕಟಿಸಿದರು. ಕೇಳಿದ ಅಂಕಿಗಳನ್ನು ಕ್ರಮವಾಗಿ ಹೇಳುವುದರಲ್ಲಿ ಅವನು ಎಲ್ಲರಂತೆ ಏಳರ ಗಿರಾಕಿ. ಸುಮಾರು 230 ಗಂಟೆಗಳ ಅಭ್ಯಾಸದ ಮೇಲೆ 79 ಅಂಕಿ ಹೇಳತೊಡಗಿದ. ಓಟಗಾರನಾಗಿದ್ದರಿಂದ ಅಂಕಿಗಳನ್ನು ಓಟದ ಸಮಯಗಳಾಗಿ ಕಟ್ಟಿಕೊಳ್ಳುತ್ತಿದ್ದ. ಅಂಕಿ ತೆಗೆದು ಅಕ್ಷರ ಕೊಟ್ಟಾಗ ಮತ್ತೆ ಆರಕ್ಕೆ ಇಳಿದ. ಗಮನದ ಬುಟ್ಟಿ ದೊಡ್ಡದಾಗಿರಲಿಲ್ಲ, ಕಟ್ಟುವ ಕೈ ಪಳಗಿತ್ತು.

ಆದರೆ ಅವಧಾನದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಅಪ್ರಸ್ತುತ ಪ್ರಸಂಗ. ಅವಧಾನಿಯ ಏಕಾಗ್ರತೆ ಕೆಡಿಸುವುದೇ ಒಬ್ಬ ಪೃಚ್ಛಕರ ಅಧಿಕೃತ ಉದ್ಯೋಗ. ಅವರು ಯಾವಾಗ ಬೇಕಾದರೂ ಬಾಯಿ ಹಾಕಬಹುದು, ಏನು ಬೇಕಾದರೂ ಕೇಳಬಹುದು, ಅಸಂಬದ್ಧವಾದಷ್ಟೂ ಒಳ್ಳೆಯದು. ಅವಧಾನಿ ಕೇಳಿಸದವರಂತೆ ಇರುವ ಹಾಗಿಲ್ಲ. ತಕ್ಷಣ ಉತ್ತರಿಸಬೇಕು, ಸಭೆ ನಗಬೇಕು, ನಗು ಇಳಿಯುವಷ್ಟರಲ್ಲಿ ಬಿಟ್ಟ ಸಾಲಿಗೆ ಮರಳಿರಬೇಕು. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋದಾಗ ಹಳೆಯದರ ಜಿಡ್ಡು ಮನಸ್ಸಿಗೆ ಅಂಟಿಕೊಂಡಿರುತ್ತದೆಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದರು. ನಮ್ಮ ಪೂರ್ವಿಕರು ಆ ಜಿಡ್ಡನ್ನೇ ಸ್ಪರ್ಧೆಯ ವಿಷಯ ಮಾಡಿ, ಅದಕ್ಕೊಂದು ಕುರ್ಚಿ ಹಾಕಿ, ಶಾಲು ಹೊದಿಸಿ ಕೂರಿಸಿದ್ದಾರೆ. ಬೇರೆ ಯಾವ ನಾಡಿನಲ್ಲಾದರೂ ಅಡಚಣೆಗೆ ಇಂಥ ಮರ್ಯಾದೆ ಸಿಕ್ಕೀತೇ?

ಈಗ ಆ ಕುರ್ಚಿಯಲ್ಲಿ ಮೊಬೈಲು ಕೂತಿದೆ, ಶಾಲು ಹೊದಿಸದೆಯೇ. ಅದು ನೆವಿಲ್ ಮೊರೆಯ ಗುಟ್ಟನ್ನು ಚೆನ್ನಾಗಿ ಕಲಿತಿದೆ: ನಿಮ್ಮ ಹೆಸರು ಹಿಡಿದು ಕರೆಯುತ್ತದೆ, ನಿಮಗಾಗಿಯೇ ಎನ್ನುತ್ತದೆ. ಯಾವ ಜರಡಿ ತಡೆದೀತು? ಅದರ ಕಾಟಕ್ಕೆ 2014ರಲ್ಲಿ ನಿಮ್ಹಾನ್ಸ್ ‘ಶಟ್’ ಎಂಬ ಕ್ಲಿನಿಕ್ಕನ್ನೇ ತೆರೆಯಿತು. ನಮಗೆ ದೂರವಲ್ಲ, ಬಿಟಿಎಂ ಬಡಾವಣೆಯಲ್ಲಿರುವ ಅವರ ಕೇಂದ್ರಕ್ಕೆ ಮಕ್ಕಳನ್ನು ಕರೆತಂದ ತಂದೆತಾಯಂದಿರು ಸರದಿ ಕಾಯುವಾಗ ಏನು ನೋಡುತ್ತಿರುತ್ತಾರೆ ಎಂದು ಊಹಿಸುವುದು ಕಷ್ಟವಲ್ಲ.

ಬೆಂಗಳೂರಿನವರ ನಿಜವಾದ ಆವಿಷ್ಕಾರವನ್ನು ನೋಡಬೇಕಾದರೆ ಸಂಜೆ ಸಾರಕ್ಕಿ ಸಿಗ್ನಲ್ಲಿಗೆ ಬರಬೇಕು. ಮೊಬೈಲನ್ನು ಹೆಲ್ಮೆಟ್ಟಿನೊಳಗೆ ಕಿವಿಗೆ ಸಿಕ್ಕಿಸಿಕೊಂಡು ಮಾತಾಡುತ್ತ ಸ್ಕೂಟರು ಓಡಿಸುವುದು. ಎರಡೂ ಕೈ ಹ್ಯಾಂಡಲ್ಲಿನ ಮೇಲಿದೆಯಲ್ಲ, ಇನ್ನೇನು ಎಂಬುದು ಸವಾರರ ವಾದ. ಡೇವಿಡ್ ಸ್ಟ್ರೇಯರ್ ಮತ್ತು ವಿಲಿಯಂ ಜಾನ್‌ಸ್ಟನ್ ಎಂಬ ಸಂಶೋಧಕರು 2001ರಲ್ಲಿ ಇದನ್ನೇ ಅಳೆದರು. ವಾಹನ ಓಡಿಸುವಂಥದೇ ಒಂದು ಪರೀಕ್ಷೆಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದವರು ಕೆಂಪು ದೀಪವನ್ನು ಕಾಣದೆ ಹೋದದ್ದು ಎರಡರಷ್ಟಾಯಿತು. ಕೈಯಲ್ಲಿ ಹಿಡಿದರೂ ಅಷ್ಟೇ, ಹಿಡಿಯದಿದ್ದರೂ ಅಷ್ಟೇ. ಬಿಡುವಿಲ್ಲದೆ ಹೋಗಿದ್ದು ಕೈಯಲ್ಲ. ಮುಂದೆ 2008ರಲ್ಲಿ ಸ್ಟ್ರೇಯರ್ ಬಳಗ ಪಕ್ಕದಲ್ಲಿ ಕೂತವರ ಜೊತೆಗಿನ ಮಾತನ್ನೂ ಪರೀಕ್ಷಿಸಿತು. ಅದರಿಂದ ಅಷ್ಟು ತೊಂದರೆಯಾಗುವುದಿಲ್ಲ, ಯಾಕೆಂದರೆ ಪಕ್ಕದವರಿಗೂ ರಸ್ತೆ ಕಾಣುತ್ತದೆ, ದಟ್ಟಣೆ ಬಂದಾಗ ಮಾತು ತಾನಾಗಿ ತಗ್ಗುತ್ತದೆ ಅಥವಾ ರಸ್ತೆಯ ಕಡೆಗೇ ತಿರುಗುತ್ತದೆ.

ಈ ಫಲಿತಾಂಶವನ್ನು ನಮ್ಮ ಮನೆಯಾಕೆ ಓದಿಲ್ಲ, ಪಾಲಿಸುತ್ತಾಳೆ. ಮೊನ್ನೆ ಬನಶಂಕರಿಯಿಂದ ಬರುವಾಗ ಸ್ಕೂಟರಿನ ಹಿಂದಿನ ಸೀಟಿನಿಂದ ಯಾರದೋ ಗೃಹಪ್ರವೇಶದ ಕಥೆ ಶುರುವಾಗಿತ್ತು. “ಅಷ್ಟು ಜನರ ಮುಂದೆ ಅವರು ಹಾಗಂದ್ರಲ್ಲ, ನಾನೇನು ಮಾಡಿದೆ ಅಂದ್ರೆ...” ಎನ್ನುವಷ್ಟರಲ್ಲಿ ಸಾರಕ್ಕಿ ಸಿಗ್ನಲ್ಲು ಬಂತು. ಮಾತು ಅಲ್ಲೇ ನಿಂತಿತು. “ರೀ, ಎಡಗಡೆ ಬಸ್ಸು” ಎಂಬುದಷ್ಟು ಬಂತು. ಸಿಗ್ನಲ್ಲು ದಾಟಿತು, ಮೆಟ್ರೊ ಕಂಬಗಳ ಪಕ್ಕದ ಗುಂಡಿಗಳೂ ದಾಟಿದವು, ಜರಗನಹಳ್ಳಿಯ ತಿರುವಿನ ಹತ್ತಿರ ರಸ್ತೆ ಸ್ವಲ್ಪ ಸಡಿಲವಾದೊಡನೆ ಬಿಟ್ಟ ಪದದಿಂದಲೇ ಎತ್ತಿಕೊಂಡಳು.

“...ಸುಮ್ಮನೆ ತಾಂಬೂಲ ತಗೊಂಡು ಎದ್ದು ಬಂದೆ. ನೀವೇ ಹೇಳಿ, ನಾನು ಮಾಡಿದ್ದು ಸರೀನಾ?”

“ಸರೀನೇ” ಎಂದೆ.

“ಯಾರ ಮನೆ ಗೃಹಪ್ರವೇಶ ಹೇಳಿ ನೋಡೋಣ?” ಎಂದಳು.